ಎತ್ತಿಕೊಟ್ಟ ಮಾತು

ಪಿಸುರಾಯರ ನಿಜವಾದ ಹೆಸರು ಪಿಂಚಣಿ ಕಚೇರಿಯವರಿಗೆ ಬಿಟ್ಟರೆ ಬೇರೆ ಯಾರಿಗೂ ಬೇಕಾಗಿರಲಿಲ್ಲ. ನಾಟಕ ಕಂಪನಿಯಲ್ಲಿ ಜೀವಮಾನವಿಡೀ ಪ್ರಾಂಪ್ಟರ್ ಆಗಿದ್ದವರು ಅವರು. ರಂಗದ ಪಕ್ಕದ ಪರದೆಯ ಮರೆಯಲ್ಲಿ, ಬೆನ್ನು ಒರಗಿಸಲೂ ಆಗದ ಒಂದು ಮರದ ಸ್ಟೂಲಿನ ಮೇಲೆ ಕೂತು, ನಟರು ಮಾತು ಮರೆತಾಗ ಪಿಸುದನಿಯಲ್ಲಿ ಎತ್ತಿಕೊಡುವುದೇ ಕೆಲಸ. ಮರೆತವರಿಗೆ ಕೇಳಬೇಕು, ಮೊದಲ ಸಾಲಿನಲ್ಲಿ ಕೂತವರಿಗೆ ಕೇಳಬಾರದು. ಈ ಅಭ್ಯಾಸ ಎಷ್ಟು ಮೈಗೆ ಹತ್ತಿತ್ತೆಂದರೆ, ತರಕಾರಿ ಅಂಗಡಿಯಲ್ಲೂ ರಾಯರು ಪಿಸುಗುಟ್ಟಿಯೇ ಆಲೂಗಡ್ಡೆ ಕೇಳುತ್ತಿದ್ದರು. ಅಂಗಡಿಯವಳು ಏನೋ ಗುಟ್ಟಿನ ವ್ಯವಹಾರವೆಂಬಂತೆ ಬಗ್ಗಿ ಕಿವಿ ಕೊಡುತ್ತಿದ್ದಳು.

ಅವರ ಹೆಂಡತಿ ರಾಣಿಯಮ್ಮ ಅದೇ ಕಂಪನಿಯ ನಟಿ. ರಾಣಿಯ ಪಾತ್ರ ಬಿಟ್ಟು ಬೇರೆ ಏನು ಕೊಟ್ಟರೂ ಮುಖ ಊದಿಸಿಕೊಳ್ಳುತ್ತಿದ್ದಳಾದ್ದರಿಂದ ಆ ಹೆಸರು ಬಂದು ಅಂಟಿಕೊಂಡಿತ್ತು. ಇಬ್ಬರ ಮದುವೆಗೆ ಕಾರಣವೇ ಒಂದು ಜಗಳ. ರಾಯರು ಕೆಲಸಕ್ಕೆ ಸೇರಿದ ಹೊಸದು. ನಾಟಕದಲ್ಲಿ ಸತ್ತ ಮಗನ ಮುಂದೆ ನಿಂತ ರಾಣಿ ತುಟಿ ಬಿಚ್ಚಲಿಲ್ಲ. ಪರದೆಯ ಮರೆಯಲ್ಲಿದ್ದ ಹೊಸ ಹುಡುಗ, ಮರೆತೇಬಿಟ್ಟಳು ಅಂದುಕೊಂಡು ಮಾತು ಎತ್ತಿಕೊಟ್ಟ. ಒಮ್ಮೆ ಎತ್ತಿಕೊಟ್ಟರೆ ಅದನ್ನೇ ಆಡಬೇಕೆಂಬುದು ರಂಗದ ಕಟ್ಟಳೆ, ಅವಳು ಆ ಮಾತನ್ನೇ ಆಡಿ ಮುಗಿಸಿದಳು. ಪರದೆ ಬಿದ್ದಮೇಲೆ ಮುಖದ ಬಣ್ಣವನ್ನೂ ಒರೆಸದೆ ಅವನ ಸ್ಟೂಲಿನ ಮುಂದೆ ಬಂದು ನಿಂತಳು.

"ಮರೆತಿದ್ದು ಯಾವುದು, ಸುಮ್ಮನಿದ್ದಿದ್ದು ಯಾವುದು ಅಂತ ಗೊತ್ತಾಗಲ್ವಾ ನಿಮಗೆ? ಅದು ನನ್ನ ಮೌನ. ಅದಕ್ಕೆ ಕೈ ಹಾಕ್ಬೇಡಿ."

ಮರುದಿನ ಸಿಟ್ಟು ಇಳಿದಮೇಲೆ ಅವಳೇ ಒಂದು ಗುರುತು ಹೇಳಿಕೊಟ್ಟಳು. ಬಲಗೈ ಕಿರುಬೆರಳು ಮಡಚಿದರೆ ಮಾತು ಮರೆತಿದೆ ಅಂತ. ಬೆರಳು ನೆಟ್ಟಗಿದ್ದರೆ ಎಷ್ಟು ಹೊತ್ತಾದರೂ ಸರಿ, ಸುಮ್ಮನಿರಬೇಕು. ಅಂದಿನಿಂದ ಊರಿನ ಜನ ರಾಣಿಯಮ್ಮನ ಮುಖ ನೋಡಿದರು, ರಾಯರು ಅವಳ ಕಿರುಬೆರಳು ನೋಡಿದರು. ನೋಡುತ್ತ ನೋಡುತ್ತ ಮದುವೆಯೂ ಆಯಿತು, ಒಬ್ಬ ಮಗಳೂ ಹುಟ್ಟಿದಳು.

ಕಂಪನಿಯಲ್ಲಿ ಇನ್ನೊಂದು ಕಟ್ಟಳೆ ಇತ್ತು. ಎತ್ತಿಕೊಟ್ಟ ಮಾತಿನ ಬಗ್ಗೆ ಆಮೇಲೆ ಯಾರೂ ಬಾಯಿ ಬಿಡಬಾರದು. ಕೊಟ್ಟವನು ನಾನು ಕೊಟ್ಟೆ ಅನ್ನಬಾರದು, ತೆಗೆದುಕೊಂಡವರು ಉಪಕಾರವಾಯಿತು ಅನ್ನಬಾರದು. ಕುಡಿದು ರಂಗಕ್ಕೆ ಬಂದು ಇಡೀ ಅಂಕವನ್ನು ರಾಯರ ಉಸಿರಿನ ಮೇಲೆ ನಡೆಸಿದ ನಟನೂ ಮರುದಿನ ಅವರಿಗೆ ಬರೀ ನಮಸ್ಕಾರ ಹೇಳಿ ಮುಂದೆ ಹೋಗುತ್ತಿದ್ದ. ಅದೇ ಮರ್ಯಾದೆ.

ಈ ಕಟ್ಟಳೆಯೇ ಕೊನೆಗೆ ಗಂಡಹೆಂಡಿರ ಕುತ್ತಿಗೆಗೆ ಬಂತು. ಇಬ್ಬರೂ ನಿವೃತ್ತರಾಗಿ ವರ್ಷಗಳು ಕಳೆದಿದ್ದವು. ಒಂದು ಸಂಜೆ ಪಕ್ಕದ ಮನೆಯಾಕೆಯ ಜೊತೆ ಅಡುಗೆಮನೆಯಲ್ಲಿ ನಿಂತು ಮಾತಾಡುತ್ತಿದ್ದ ರಾಣಿಯಮ್ಮ "ನಮ್ಮ ಅಳಿಯ ಇದಾನಲ್ಲ, ಅವನು..." ಅಂದವಳು ಅಲ್ಲಿಗೇ ನಿಂತಳು. ಟೀ ಕೆಟಲಿನ ಹಿಡಿಯ ಮೇಲಿದ್ದ ಕಿರುಬೆರಳು ಮೆಲ್ಲಗೆ ಮಡಚಿಕೊಂಡಿತು. ಬಾಗಿಲ ಬಳಿ ಕೂತಿದ್ದ ರಾಯರಿಗೆ ಯೋಚಿಸಲೂ ಪುರಸೊತ್ತಿರಲಿಲ್ಲ. ಬಾಯಿ ತಾನಾಗಿ "ಸೇತುವೆ ಕಟ್ಟಿಸೋ ಕೆಲಸ" ಎಂದು ಪಿಸುಗುಟ್ಟಿತು. ಅವಳು "ಸೇತುವೆ ಕಟ್ಟಿಸೋ ಕೆಲಸದಲ್ಲಿದಾನೆ" ಎಂದು ಮುಂದುವರಿಸಿದಳು. ಪಕ್ಕದ ಮನೆಯಾಕೆಗೆ ಏನೂ ಗೊತ್ತಾಗಲಿಲ್ಲ.

ಆಮೇಲೆ ಅದು ವಾರಕ್ಕೊಮ್ಮೆ ಆಯಿತು, ಮುಂದೆ ದಿನಕ್ಕೆ ಹಲವು ಸಲವಾಯಿತು. ರಾಯರು ಹಳೆಯ ಕೆಲಸಕ್ಕೆ ಸಂಬಳವಿಲ್ಲದೆ ಮರಳಿದಂತಾಯಿತು. ಡಾಕ್ಟರು ಇವತ್ತು ಯಾವ ವಾರ ಅಂತ ಕೇಳಿದಾಗ ಕರವಸ್ತ್ರಕ್ಕೆ ಕೆಮ್ಮುವ ನೆಪದಲ್ಲಿ "ಗುರುವಾರ" ಅಂದವರು ಅವರೇ. ಆ ಡಾಕ್ಟರು ರಾಣಿಯಮ್ಮನ ನೆನಪನ್ನು ಹೊಗಳಿ, ರಾಯರ ಕೆಮ್ಮಿಗೆ ಔಷಧಿ ಬರೆದುಕೊಟ್ಟರು. ಮನೆಗೆ ಬಂದು ಇಬ್ಬರೂ ಆ ವಿಷಯ ಎತ್ತಲಿಲ್ಲ. ಮಗಳ ಕಿವಿಗೂ ಹಾಕಲಿಲ್ಲ. ಮರೆವು ಮನೆಯೊಳಗೆ ಕಾಲು ಚಾಚಿ ಕೂತಿತ್ತು, ಇಬ್ಬರೂ ಅದರ ಕಾಲು ದಾಟಿಕೊಂಡು ಓಡಾಡುತ್ತಿದ್ದರು.

ರಾಯರಿಗೆ ಭಯ ಹೆಚ್ಚಾಗುತ್ತ ಬಂತು. ಭಯ ಹೆಚ್ಚಾದಂತೆ ಅವರು ಬೆರಳು ಮಡಚುವವರೆಗೂ ಕಾಯುವುದನ್ನು ಬಿಟ್ಟರು. ಅವಳು ಉಸಿರು ತೆಗೆದುಕೊಳ್ಳಲು ನಿಂತರೂ ಸಾಕು, ಇವರ ಬಾಯಿಂದ ಮುಂದಿನ ಮಾತು ಬಂದಾಗಿರುತ್ತಿತ್ತು. ಕಸುಬಿನವರು ಮಾಡಬಾರದ ತಪ್ಪು ಅದು, ಅವರಿಗೂ ಗೊತ್ತಿತ್ತು. ಗೊತ್ತಿದ್ದೂ ತಡೆಯಲಾಗಲಿಲ್ಲ.

ಬೆಟ್ಟದ ಮೇಲಿನ ಅವರ ಊರಿನಲ್ಲಿ ಆ ವರ್ಷದ ಚಳಿಗಾಲ ಎಲ್ಲವನ್ನೂ ಬುಡಮೇಲು ಮಾಡಿತು. ಮನೆಯ ಮುಂದಿನ ಮೆಟ್ಟಿಲ ಮೇಲೆ ನೀರು ಗಾಜಿನ ಹಾಗೆ ಹೆಪ್ಪುಗಟ್ಟಿತ್ತು. ರಾಣಿಯಮ್ಮ ಜಾರಿ ಬಿದ್ದು ಎಡಗೈ ಮುರಿದುಕೊಂಡಳು. ಅವಳನ್ನು ಎತ್ತಲು ಓಡಿದ ರಾಯರಿಗೆ ಚಳಿಗಾಳಿ ಎದೆಗೆ ಹೊಕ್ಕು ಉಸಿರು ಕಟ್ಟಿತು. ಒಬ್ಬರು ಮೆಟ್ಟಿಲ ಮೇಲೆ, ಇನ್ನೊಬ್ಬರು ಬಾಗಿಲಲ್ಲಿ, ಇಬ್ಬರೂ ಏಳಲಾರದೆ ಕೂತಿದ್ದನ್ನು ನೋಡಿದವನು ಹಾಲಿನವನು. ಮಗಳು ಹತ್ತಿರದ ಬೀದಿಯಲ್ಲೇ ಕನ್ನಡಕದ ಅಂಗಡಿ ಇಟ್ಟುಕೊಂಡಿದ್ದಳು. ಅಂಗಡಿ ಬಾಗಿಲು ಹಾಕಿಕೊಂಡು ಓಡಿ ಬಂದಳು. ಅಂದು ಅವಳ ಮುಖದ ಮೇಲೆ ಕಂಡ ದಣಿವು ರಾಯರ ಮನಸ್ಸಿನಿಂದ ಹೋಗಲಿಲ್ಲ.

ಬಿಸಿಲು ಕಾಲೊನಿಯ ಮಾತು ಬಂದದ್ದು ಆಮೇಲೆ. ದೂರದ ಬೆಚ್ಚಗಿನ ಕರಾವಳಿಯಲ್ಲಿ ವಯಸ್ಸಾದವರಿಗೆಂದೇ ಕಟ್ಟಿದ ಮನೆಗಳು. ಮೆಟ್ಟಿಲಿಲ್ಲ, ಚಳಿಯಿಲ್ಲ, ಕರೆದರೆ ನರ್ಸು ಬರುತ್ತಾಳೆ. ಮಗಳು ತಂದ ಬಣ್ಣದ ಪುಸ್ತಿಕೆಯಲ್ಲಿ ಮುದುಕ ಮುದುಕಿಯರು ಈಜುಕೊಳದ ದಂಡೆಯಲ್ಲಿ ನಗುತ್ತಿದ್ದರು, ಒಬ್ಬರ ಬಾಯಲ್ಲೂ ಒಂದು ಹಲ್ಲು ಕಡಿಮೆಯಿರಲಿಲ್ಲ. ಇಷ್ಟು ಹಲ್ಲಿರೋರಿಗೆ ವೃದ್ಧಾಪ್ಯ ಯಾಕೆ ಬಂತೋ ಎಂದು ರಾಯರು ಪಿಸುಗುಟ್ಟಿದರು. ಬೆಲೆ ಕೇಳಿದಮೇಲೆ ತಮಾಷೆ ನಿಂತಿತು. ಇದ್ದ ಮನೆಯನ್ನು ಮಾರಿದರೆ ಮಾತ್ರ ಅಲ್ಲಿಗೆ ಹೋಗಬಹುದು, ಹೋದಮೇಲೆ ಹಿಂದಕ್ಕೆ ಬರಲು ಮನೆಯಿರುವುದಿಲ್ಲ.

ರಾಯರನ್ನು ನಿಜವಾಗಿ ಕಾಡಿದ್ದು ಪುಸ್ತಿಕೆಯ ಕೊನೆಯ ಪುಟದ ಒಂದು ನಿಯಮ. ತಮ್ಮ ಕೆಲಸ ತಾವೇ ನೋಡಿಕೊಳ್ಳಬಲ್ಲವರಿಗೆ ಮಾತ್ರ ಆ ಪುಟ್ಟ ಮನೆಗಳು. ಮರೆವಿನವರಿಗೆ ಗಿಡದ ಬೇಲಿಯ ಆಚೆ ಬೇರೆ ಕಟ್ಟಡ. ಗಂಡನೋ ಹೆಂಡತಿಯೋ ಹೋಗಿ ನೋಡಿಕೊಂಡು ಬರಬಹುದು, ಜೊತೆಗಿರುವಂತಿಲ್ಲ. ರಾಣಿಯಮ್ಮನ ಮರೆವು ಹೊರಗೆ ಬಿದ್ದರೆ ಇಷ್ಟು ವರ್ಷದ ಜೊತೆ ಬೇಲಿಯ ಆಚೆಗೊಂದು ಈಚೆಗೊಂದು ಆಗುತ್ತದೆ. ಇಲ್ಲೇ ಉಳಿದರೆ ಮುಂದಿನ ಚಳಿಗಾಲ ಇಬ್ಬರಲ್ಲಿ ಒಬ್ಬರನ್ನು ಕರೆದುಕೊಂಡು ಹೋಗುತ್ತದೆ. ರಾಯರು ಲೆಕ್ಕ ಹಾಕಿದರು. ಒಂದು ಸಲ ಆ ಮನೆಯೊಳಗೆ ಸೇರಿಕೊಂಡುಬಿಟ್ಟರೆ, ಉಸಿರಿರುವವರೆಗೆ ಎತ್ತಿಕೊಡುತ್ತ ಇದ್ದುಬಿಡಬಹುದು. ಅವಳನ್ನು ಕೇಳಲಿಲ್ಲ. ಕೇಳಬೇಕಾದರೆ ಮರೆವಿನ ವಿಷಯ ಎತ್ತಬೇಕಿತ್ತು.

ಕಾಲೊನಿಯವರು ಮೊದಲು ಒಂದು ವಾರ ಬಂದು ಇದ್ದು ನೋಡಿ ಅನ್ನುತ್ತಿದ್ದರು. ಮಗಳು ಇಬ್ಬರನ್ನೂ ರೈಲಿನಲ್ಲಿ ಕರೆದುಕೊಂಡು ಬಂದಳು. ರೈಲಿಳಿದ ಕೂಡಲೇ ರಾಯರ ಎದೆ ಹಗುರಾಯಿತು, ಅದನ್ನು ಇಲ್ಲವೆನ್ನಲಾಗದು. ಎಷ್ಟೋ ತಿಂಗಳ ಮೇಲೆ ಉಸಿರು ಒಳಗೆ ಹೋದದ್ದು ಅವರಿಗೇ ಗೊತ್ತಾಯಿತು. ಬಿಳಿ ಗೋಡೆ, ಕೆಂಪು ಹೂವಿನ ಬಳ್ಳಿ, ದಾರಿಯುದ್ದಕ್ಕೂ ಹಿಡಿದು ನಡೆಯಲು ಕಂಬಿ. ಮುದುಕರನ್ನು ಕೂರಿಸಿಕೊಂಡು ಸದ್ದಿಲ್ಲದೆ ಓಡಾಡುವ ಪುಟ್ಟ ಬ್ಯಾಟರಿ ಗಾಡಿಗಳು. ಊಟದ ಹಾಲಿನಲ್ಲಿ ಕುರ್ಚಿ ಎಳೆದರೂ ಸದ್ದಾಗದಂತೆ ಕಾಲಿಗೆ ಬಟ್ಟೆಯ ಟೋಪಿ.

ಪಕ್ಕದ ಮನೆಯಲ್ಲಿ ನಿವೃತ್ತ ಜಡ್ಜು ಒಬ್ಬನಿದ್ದ. ಕೆಲಸದಲ್ಲಿದ್ದಾಗ ಎರಡೂ ಕಡೆಯವರ ಮಾತು ಕೇಳಿ ಕೇಳಿ ಸಾಕಾಗಿದ್ದ ಆ ಮನುಷ್ಯ ಈಗ ಯಾರ ಮಾತನ್ನೂ ಕೇಳುತ್ತಿರಲಿಲ್ಲ, ತಾನೇ ಆಡುತ್ತಿದ್ದ. ರಾಯರಿಗೆ ದೇವರೇ ಕಳಿಸಿದ ನೆರೆಯವನಂತೆ ಕಂಡ. ಅವನ ಎದುರು ಕೂತರೆ ಬೇರೆಯವರಿಗೆ ಬಾಯಿ ತೆರೆಯಲು ಸಂದು ಸಿಕ್ಕುವುದಿಲ್ಲ, ಬಾಯಿ ತೆರೆಯದಿದ್ದರೆ ಮರೆವು ಬಯಲಾಗುವುದಿಲ್ಲ. ಮೂರು ಹೊತ್ತೂ ಊಟಕ್ಕೆ ಹೆಂಡತಿಯನ್ನು ಅವನ ಮೇಜಿಗೇ ಕರೆದುಕೊಂಡು ಹೋದರು. ರಾಣಿಯಮ್ಮ ತಟ್ಟೆ ನೋಡಿಕೊಂಡು ತಲೆಯಾಡಿಸುತ್ತ ಕೂತಿರುತ್ತಿದ್ದಳು.

ಒಂದು ಮಧ್ಯಾಹ್ನ ರಾಯರಿಗೆ ಜೋಂಪು ಹತ್ತಿತು. ಎದ್ದು ನೋಡಿದರೆ ರಾಣಿಯಮ್ಮ ಇಲ್ಲ. ಚಪ್ಪಲಿ ತಿರುಗುಮುರುಗಾಗಿ ಹಾಕಿಕೊಂಡು ಹುಡುಕಿದರು. ಬೇಲಿಯಲ್ಲಿದ್ದ ಪುಟ್ಟ ಗೇಟು ತೆರೆದಿತ್ತು. ಆಚೆ, ಆ ಬೇರೆ ಕಟ್ಟಡದ ಮುಂದೆ, ಮರದ ನೆರಳಿನ ಬೆಂಚಿನ ಮೇಲೆ ಇನ್ನೂ ಕೆಲವು ಹೆಂಗಸರ ನಡುವೆ ಅವಳು ಕೂತಿದ್ದಳು. ಕಥೆ ಹೇಳುತ್ತಿದ್ದಳು. ಯಾವ ಕಥೆಯೆಂದು ರಾಯರಿಗೆ ದೂರದಿಂದಲೇ ತಿಳಿಯಿತು.

ಅದು ರಾಜನ ಮೀಸೆಯ ಕಥೆ. ತುಂಬಿದ ಸಭೆಯ ದೃಶ್ಯದಲ್ಲಿ ರಾಜನ ಪಾತ್ರಧಾರಿಯ ಅಂಟು ಮೀಸೆ ಕಳಚಿ ಬಿತ್ತು. ರಂಗವಿಡೀ ತಬ್ಬಿಬ್ಬು. ರಾಣಿಯಮ್ಮನ ಕಿರುಬೆರಳು ಮಡಚಿತು. ನಾಟಕದಲ್ಲಿ ಅದಕ್ಕೆ ಮಾತೇ ಇಲ್ಲ, ಎಲ್ಲಿಂದ ಎತ್ತಿಕೊಡುವುದು. ಆಗ ರಾಯರು ಜೀವಮಾನದಲ್ಲಿ ಒಂದೇ ಸಲ ಸ್ವಂತ ಮಾತೊಂದನ್ನು ಎತ್ತಿಕೊಟ್ಟರು. ರಾಣಿ ಬಗ್ಗಿ ಮೀಸೆ ಎತ್ತಿ, ರಾಜನ ಅಂಗೈಗಿಟ್ಟು, "ಮಹಾಪ್ರಭು, ತಮ್ಮ ಪೌರುಷ ಕೆಳಗೆ ಬಿದ್ದಿತ್ತು" ಅಂದಳು. ನಗುವಿನಲ್ಲಿ ಆ ದೃಶ್ಯವೇ ಮುಂದೆ ಸಾಗಲಿಲ್ಲ. ಆ ಮಾತು ಯಾರದೆಂದು ಅವರಿಬ್ಬರಿಗೆ ಬಿಟ್ಟು ಯಾರಿಗೂ ಗೊತ್ತಿರಲಿಲ್ಲ. ರಾಯರ ಇಡೀ ಬದುಕಿನ ಹೆಮ್ಮೆ ಅದೊಂದೇ.

ಬೆಂಚಿನ ಮೇಲೆ ರಾಣಿಯಮ್ಮ "ಮೀಸೆ ಬಿತ್ತು, ಆಮೇಲೆ..." ಎಂದು ನಿಂತಳು. ರಾಯರು ಬೇಲಿಯ ಹತ್ತಿರವೇ ಇದ್ದರು, ಅವರ ಪಿಸುದನಿ ಅಲ್ಲಿಗೆ ಮುಟ್ಟುವಂತಿರಲಿಲ್ಲ. ಪಕ್ಕದಲ್ಲಿದ್ದ ಗುಂಗುರು ಕೂದಲಿನ ಮುದುಕಿ "ಆಮೇಲೆ ನಾಯಿ ಎತ್ಕೊಂಡು ಹೋಯ್ತು" ಅಂದಳು. ಎಲ್ಲರೂ ನಕ್ಕರು. ರಾಣಿಯಮ್ಮನೂ ನಕ್ಕಳು, ಹೊಟ್ಟೆ ಹಿಡಿದುಕೊಂಡು.

ರಾಯರು ಹೋಗಿ ಅವಳ ಕೈ ಹಿಡಿದು ಎಬ್ಬಿಸಿದರು. ಇಲ್ಲಿಗೆ ಯಾಕೆ ಬಂದೆ, ಯಾರಾದರೂ ನೋಡಿದರೆ ಏನು ಗತಿ ಎಂದು ದಾರಿಯುದ್ದಕ್ಕೂ ಪಿಸುಗುಟ್ಟಿದರು. ರಾಣಿಯಮ್ಮ ಗೇಟು ದಾಟುವಾಗ ಒಮ್ಮೆ ಹಿಂದಕ್ಕೆ ತಿರುಗಿ ನೋಡಿದಳು.

ಮರುದಿನ, ಮನೆ ಕೊಡುವ ಮೊದಲು, ಕಾಲೊನಿಯ ಮೇಲ್ವಿಚಾರಕಿಯ ಜೊತೆ ಮಾತುಕತೆ. ಮೆತ್ತಗಿನ ದನಿಯ ಹೆಂಗಸು, ಎದುರಿನವರು ಮಾತು ಮುಗಿಸುವವರೆಗೂ ಕಾಯುವ ಸ್ವಭಾವ. ಆ ಸ್ವಭಾವವೇ ರಾಯರಿಗೆ ಹೆದರಿಕೆ ಹುಟ್ಟಿಸಿತು. ಮಗಳು ಒಂದು ಕಡೆ, ರಾಯರು ಹೆಂಡತಿಯ ಮಗ್ಗುಲಿಗೆ ಅಂಟಿಕೊಂಡು ಇನ್ನೊಂದು ಕಡೆ. ಊಟ ಹೇಗಿದೆ, ನಿದ್ದೆ ಬರುತ್ತಾ, ಮಗಳ ಅಂಗಡಿ ಯಾವುದು ಎಂದು ಒಂದೊಂದೇ ಪ್ರಶ್ನೆ ಬಂತು. ಎರಡು ಸಲ ಕಿರುಬೆರಳು ಮಡಚಿತು, ಎರಡು ಸಲವೂ ರಾಯರು ಕೆಮ್ಮಿದರು. ಮೇಲ್ವಿಚಾರಕಿ ಅವರ ಕಡೆ ಒಂದು ಲೋಟ ನೀರು ಸರಿಸಿದಳು.

ಆಮೇಲೆ ಅವಳು ಮೇಜಿನ ಮೇಲಿನ ಕಾಗದಗಳನ್ನೆಲ್ಲ ಪಕ್ಕಕ್ಕಿಟ್ಟಳು. "ಅಮ್ಮ, ಇದು ನಿಮ್ಮನ್ನೇ ಕೇಳ್ತಿರೋದು. ಯಾರಿಗೋಸ್ಕರವೂ ಹೇಳ್ಬೇಡಿ. ನಿಮಗೆ ಎಲ್ಲಿರಬೇಕು ಅಂತ ಇದೆ?"

ರಾಣಿಯಮ್ಮ ತಲೆ ಎತ್ತಿದಳು. ಕಿಟಕಿಯ ಕಡೆ ನೋಡಿದಳು. ತುಟಿ ಸ್ವಲ್ಪವೇ ತೆರೆದು ನಿಂತಿತು. ಕೋಣೆಯಲ್ಲಿ ಫ್ಯಾನಿನ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಮೇಲ್ವಿಚಾರಕಿ ಕಾಯುತ್ತಿದ್ದಳು, ಮಗಳು ಅಮ್ಮನ ಮುಖವನ್ನೇ ನೋಡುತ್ತಿದ್ದಳು, ಇನ್ನೊಂದು ಕ್ಷಣ ಬಿಟ್ಟರೆ ಎಲ್ಲ ಮುಗಿಯಿತು ಅನ್ನಿಸಿತು. ರಾಯರು ಕರವಸ್ತ್ರ ಬಾಯಿಗಿಟ್ಟುಕೊಂಡರು. "ಈ ಮನೆಯಲ್ಲಿ. ಇವರ ಜೊತೆ. ಕೊನೆಯವರೆಗೂ."

ರಾಣಿಯಮ್ಮ ತುಸು ತಡೆದಳು. ಆಮೇಲೆ ಬೆನ್ನು ನೆಟ್ಟಗೆ ಮಾಡಿ, ಹಿಂದಿನ ಸಾಲಿನವರೆಗೂ ಮುಟ್ಟುವ ಆ ಹಳೆಯ ದನಿಯಲ್ಲಿ, "ಈ ಮನೆಯಲ್ಲಿ. ಇವರ ಜೊತೆ. ಕೊನೆಯವರೆಗೂ" ಅಂದಳು. ಮಗಳು ಕಣ್ಣೊರೆಸಿಕೊಂಡಳು. ಮೇಲ್ವಿಚಾರಕಿ, ನಾಳೆ ಬೆಳಿಗ್ಗೆ ಬನ್ನಿ, ಸಹಿ ಹಾಕಿಬಿಡೋಣ ಎಂದು ಎದ್ದು ನಿಂತು ಕೈಕುಲುಕಿದಳು.

ಗೆದ್ದೆವು ಅಂದುಕೊಂಡೇ ರಾಯರು ಹೊರಗೆ ಬಂದರು. ಮಗಳು ಟೀ ತರುತ್ತೇನೆಂದು ಹೋದಳು. ಇಬ್ಬರೂ ಬಿಸಿಲಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಪ್ರಾಂಪ್ಟರಿಗೆ ಆಟ ಮುಗಿದಮೇಲೆ ಇಡೀ ಆಟವನ್ನು ಮನಸ್ಸಿನಲ್ಲಿ ಮತ್ತೊಮ್ಮೆ ಓಡಿಸುವ ಚಟ, ಎಲ್ಲಿ ತಡವಾಯಿತು, ಎಲ್ಲಿ ಬೇಗವಾಯಿತು ಎಂದು. ರಾಯರು ಓಡಿಸಿದರು. ಕಿಟಕಿಯ ಕಡೆ ಹೊರಳಿದ ಮುಖ, ತೆರೆದ ತುಟಿ, ಕುರ್ಚಿಯ ತೋಳಿನ ಮೇಲಿದ್ದ ಬಲಗೈ. ಕಿರುಬೆರಳು ನೆಟ್ಟಗಿತ್ತು.

ಬೆರಳು ನೆಟ್ಟಗಿದ್ದುದನ್ನು ಅವರು ಈಗ ನೆನಪಿಸಿಕೊಂಡದ್ದಲ್ಲ, ಆಗಲೇ ನೋಡಿದ್ದರು. ನೋಡಿಯೂ ಎತ್ತಿಕೊಟ್ಟಿದ್ದರು. ಅವಳು ಮರೆತಿರಲಿಲ್ಲ. ಅವಳ ಹತ್ತಿರ ಒಂದು ಮಾತಿತ್ತು, ಅದನ್ನು ಆಡುವ ಮೊದಲಿನ ಮೌನ ಅದು. ಅದಕ್ಕೆ ಅವರು ಕೈ ಹಾಕಿದ್ದರು. ರಂಗದ ಮೇಲೆ ಒಮ್ಮೆ ಎತ್ತಿಕೊಟ್ಟರೆ ಅದನ್ನೇ ಆಡಬೇಕೆಂಬ ಕಟ್ಟಳೆಗೆ ಕಟ್ಟುಬಿದ್ದು ಅವಳು ಅದನ್ನೇ ಆಡಿದ್ದಳು.

ಕೊನೆಗೆ ರಾಯರು ಜೀವಮಾನದ ಕಟ್ಟಳೆ ಮುರಿದು ಕೇಳಿಯೇಬಿಟ್ಟರು. "ಆಗ ನೀನು ಏನು ಹೇಳ್ಬೇಕು ಅಂತಿದ್ದೆ?"

"ಯಾವಾಗ?"

"ಒಳಗೆ. ಅವರು ಕೇಳಿದಾಗ."

ರಾಣಿಯಮ್ಮ ಅವರನ್ನು ನೋಡಿದಳು. ಹುಡುಕುತ್ತಿರುವುದು ಕಣ್ಣಲ್ಲಿ ಕಾಣುತ್ತಿತ್ತು. ತೊಡೆಯ ಮೇಲಿದ್ದ ಕಿರುಬೆರಳು ಮೆಲ್ಲಗೆ ಮಡಚಿಕೊಂಡಿತು. ಎತ್ತಿಕೊಡಿ ಎಂದು ಕೇಳುತ್ತಿದ್ದಳು. ರಾಯರ ಬಾಯಿ ಅಭ್ಯಾಸದಿಂದ ತೆರೆಯಿತು. ಒಳಗೆ ಏನೂ ಇರಲಿಲ್ಲ.

"ನನಗೆ ಗೊತ್ತಿಲ್ಲ ಕಣೇ," ಅಂದರು. "ಆ ಮಾತು ನಿನ್ನ ಹತ್ರ ಮಾತ್ರ ಇತ್ತು."

ಅವಳು ಅವರ ಕೈ ತಟ್ಟಿದಳು, ಮಾತು ತಪ್ಪಿದ ಹೊಸ ನಟನಿಗೆ ಹಿರಿಯರು ತಟ್ಟುವ ಹಾಗೆ. ರಾಯರಿಗೆ ಅಳು ತಡೆಯಲಾಗಲಿಲ್ಲ. ಮಗಳು ಟೀ ಹಿಡಿದು ಬಂದವಳು, ಸಂತೋಷಕ್ಕೆ ಅಳುತ್ತಿದ್ದಾರೆ ಅಂದುಕೊಂಡಳು.

ಮರುದಿನ ಬೆಳಿಗ್ಗೆ ಮೇಲ್ವಿಚಾರಕಿ ಪೆನ್ನು ಮುಂದಿಟ್ಟಾಗ ರಾಯರು ಅದನ್ನು ಮುಟ್ಟಲಿಲ್ಲ. ಎದ್ದು ನಿಂತರು. ಆಮೇಲೆ ಅವರ ಬಾಯಿಂದ ಬಂದದ್ದು ಪಿಸುದನಿಯಲ್ಲ, ಒಡೆದ, ಒರಟು, ಯಾರೂ ಕೇಳಿರದ ದನಿ. ಮಗಳು ಬೆಚ್ಚಿಬಿದ್ದು ತಿರುಗಿದಳು.

"ಇವಳಿಗೆ ಮರೆವಿದೆ. ನಿನ್ನೆ ಇವಳು ಆಡಿದ್ದು ಇವಳ ಮಾತಲ್ಲ, ನನ್ನದು."

ಎಲ್ಲವನ್ನೂ ಹೇಳಿದರು. ಕೆಟಲಿನ ಸಂಜೆ, ಗುರುವಾರ, ಕೆಮ್ಮು, ಕಿರುಬೆರಳು. ಮಗಳ ಮುಖ ಮೊದಲು ಬಿಳಿಚಿತು, ಆಮೇಲೆ ಕೆಂಪಾಯಿತು. "ನನಗೂ ಹೇಳಲಿಲ್ವಲ್ಲ ಅಪ್ಪ," ಅಂದಳು. "ದಿನಾ ಮನೆಗೆ ಬರ್ತಿದ್ದೆ. ನನ್ನ ಎದುರಿಗೇ ಮಾಡಿದ್ರಿ." ರಾಣಿಯಮ್ಮ ತಲೆ ತಗ್ಗಿಸಿಕೊಂಡು ಕೂತಿದ್ದಳು. ತನ್ನ ಗುಟ್ಟನ್ನು ಗಂಡ ಮೂರನೆಯವರ ಮುಂದೆ ಬಿಚ್ಚಿದ್ದಕ್ಕೆ ನಾಚಿಕೆಯೋ, ನಿರಾಳವೋ, ರಾಯರಿಗೆ ಕಾಣಲಿಲ್ಲ. ನೋಡುವ ಧೈರ್ಯವೂ ಇರಲಿಲ್ಲ.

ನಿನ್ನೆಯ ಪ್ರಶ್ನೆಯನ್ನು ಅವಳಿಗೆ ಇನ್ನೊಮ್ಮೆ ಕೇಳಿ ಎಂದು ಮೇಲ್ವಿಚಾರಕಿಯನ್ನು ಬೇಡಿಕೊಂಡರು. ಆಮೇಲೆ ತಮ್ಮ ಕುರ್ಚಿಯನ್ನು ಕೋಣೆಯ ಮೂಲೆಗೆ ಎಳೆದುಕೊಂಡು ಹೋಗಿ, ಗೋಡೆಗೆ ಮುಖ ಮಾಡಿ ಕೂತರು. ಅವಳ ಬೆರಳು ಕಣ್ಣಿಗೆ ಬೀಳಬಾರದು, ಬಿದ್ದರೆ ಬಾಯಿ ಸುಮ್ಮನಿರುವುದಿಲ್ಲ.

ಬೆನ್ನ ಹಿಂದೆ ಪ್ರಶ್ನೆ ಬಂತು, ಅದೇ ಮೆತ್ತಗಿನ ದನಿಯಲ್ಲಿ. ಆಮೇಲೆ ಫ್ಯಾನಿನ ಸದ್ದು. ಗೋಡೆಯ ಬಣ್ಣದಲ್ಲಿ ಒಂದು ಕಡೆ ಬ್ರಷ್ಷಿನ ಕೂದಲು ಅಂಟಿಕೊಂಡಿತ್ತು, ರಾಯರು ಅದನ್ನೇ ನೋಡುತ್ತ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡರು. ರಂಗದ ಪಕ್ಕ ಕೂತ ಇಷ್ಟು ವರ್ಷದಲ್ಲಿ ಅಷ್ಟು ಉದ್ದದ ಮೌನವನ್ನು ಅವರು ಯಾವತ್ತೂ ಬಿಟ್ಟಿರಲಿಲ್ಲ.

"ನನಗೆ ಆಚೆ ಮನೆ ಬೇಕು," ಅಂದಳು ರಾಣಿಯಮ್ಮ.

ಯಾವ ಆಚೆ ಮನೆ ಎಂದು ಮಗಳು ಕೇಳಿದಳು. ಊರಿನ ಮನೆಯಾ ಅಂದಳು.

"ಬೇಲಿ ಆಚೆದು. ಅಲ್ಲಿ ಮರೆತರೆ ಯಾರೂ ಹೆದರಲ್ಲ. ಇವರು ಹೆದರ್ತಾರೆ. ನಾನು ಬಾಯಿ ತೆಗೆದ್ರೆ ಸಾಕು, ಇವರ ಮುಖ ನೋಡಕ್ಕಾಗಲ್ಲ. ದಿನವಿಡೀ ರಂಗದ ಮೇಲೇ ನಿಲ್ಲಿಸಿದ್ರೆ ಹೇಗೆ? ಸಾಕಾಗಿದೆ ನನಗೆ. ಇಳಿಬೇಕು."

ರಾಯರು ಗೋಡೆಯ ಕಡೆಯಿಂದ ತಿರುಗಲಿಲ್ಲ. ಯಾವುದು ಆಗಬಾರದೆಂದು ಇಷ್ಟು ದಿನ ಊರಿಗೆಲ್ಲ ಮಂಕುಬೂದಿ ಎರಚಿದರೋ ಅದೇ ಅವಳಿಗೆ ಬೇಕಾಗಿತ್ತು. ಅದನ್ನು ಹೇಳಲು ಅವಳಿಗೆ ಅವರು ಒಂದು ಉಸಿರಿನಷ್ಟು ಜಾಗವನ್ನೂ ಬಿಟ್ಟಿರಲಿಲ್ಲ.

"ಇವರು ಈಚೆನೇ ಇರಲಿ," ಎಂದು ಅವಳ ದನಿ ಮತ್ತೆ ಬಂತು, ಈಗ ಸ್ವಲ್ಪ ತಮಾಷೆಯಾಗಿ. "ಇವರ ಎದೆಗೆ ಈ ಬಿಸಿಲು ಬೇಕು. ದಿನಾ ಬಂದು ಮುಂದೆ ಕೂತು ನೋಡಲಿ. ಪಾಪ, ನನ್ನ ಒಂದು ನಾಟಕಾನೂ ಇವರು ಮುಂದಿನಿಂದ ನೋಡಿಲ್ಲ."

ಮಗಳು ಆ ದಿನ ಯಾವುದಕ್ಕೂ ಒಪ್ಪಲಿಲ್ಲ. ಬೇರೆ ಡಾಕ್ಟರ ಹತ್ತಿರ ತೋರಿಸಬೇಕು, ತನ್ನ ಮನೆಗೇ ಕರೆದುಕೊಂಡು ಹೋಗುತ್ತೇನೆ, ಅಂಗಡಿ ಮುಚ್ಚುತ್ತೇನೆ ಎಂದೆಲ್ಲ ರೈಲಿನಲ್ಲಿ ಹೇಳುತ್ತಲೇ ಬಂದಳು. ಅಪ್ಪನ ಮುಖವನ್ನು ಮಾತ್ರ ಊರು ಬರುವವರೆಗೂ ನೋಡಲಿಲ್ಲ. ಡಾಕ್ಟರಿಗೆ ತೋರಿಸಿದ್ದೂ ಆಯಿತು. ಈ ಸಲ ರಾಯರು ಕೋಣೆಯ ಹೊರಗೆ ಕೂತರು, ಒಳಗೆ ವಾರದ ಹೆಸರು ಕೇಳಿದಾಗ ರಾಣಿಯಮ್ಮ ಏನು ಹೇಳಿದಳೋ ಅವರಿಗೆ ತಿಳಿಯಲಿಲ್ಲ. ಹಲವು ದಿನ ಬಿಟ್ಟು ಬಿಟ್ಟು ಮಗಳು ಅದೇ ಪ್ರಶ್ನೆಯನ್ನು ಅಮ್ಮನಿಗೆ ಕೇಳಿದಳು. ಕೆಲವು ಸಲ ರಾಣಿಯಮ್ಮನಿಗೆ ಕಾಲೊನಿಯೇ ನೆನಪಿರಲಿಲ್ಲ. ನೆನಪಿದ್ದಾಗಲೆಲ್ಲ ಒಂದೇ ಉತ್ತರ, ಬೇಲಿ ಆಚೆದು. ಮನೆ ಮಾರಿದರು. ರಾಯರು ಕಂಪನಿಯಿಂದ ತಂದಿಟ್ಟುಕೊಂಡಿದ್ದ ಹಳೆಯ ಸ್ಟೂಲನ್ನು ಒಯ್ಯುವ ಸಾಮಾನಿನಲ್ಲಿ ಕಟ್ಟಿ, ಆಮೇಲೆ ಬಿಚ್ಚಿ, ಮೆಟ್ಟಿಲ ಬಳಿ ಬಿಟ್ಟು ಬಂದರು.

ಈಗ ರಾಯರು ಬೇಲಿಯ ಈಚೆ ಒಂದು ಕೋಣೆಯಲ್ಲಿದ್ದಾರೆ. ಉಸಿರಾಟ ಸರಿಯಾಗಿದೆ. ಮೊದಲ ವಾರಗಳಲ್ಲಿ ಬೆಳಿಗ್ಗೆ ಎದ್ದ ಕೂಡಲೇ ಪಕ್ಕದ ಹಾಸಿಗೆಯ ಕಡೆ ಕೈ ಹೋಗುತ್ತಿತ್ತು, ಅಲ್ಲಿ ಹಾಸಿಗೆಯೇ ಇರಲಿಲ್ಲ. ಜಡ್ಜಿನ ಮೇಜಿನಲ್ಲಿ ಊಟ ಮಾಡುತ್ತಾರೆ. ಅವನು ಮಾತಾಡುತ್ತಾನೆ, ಇವರು ಮಧ್ಯಾಹ್ನವಾಗುವುದನ್ನು ಕಾಯುತ್ತಾರೆ. ಮಧ್ಯಾಹ್ನ ಗೇಟು ದಾಟಿ ಹೋಗಿ, ಬೆಂಚಿಗೆ ಎದುರಾಗಿ ಒಂದು ಕುರ್ಚಿ ಹಾಕಿಕೊಂಡು ಕೂರುತ್ತಾರೆ. ಒಮ್ಮೊಮ್ಮೆ ರಾಣಿಯಮ್ಮ ಅವರನ್ನು ನೋಡಿ "ಬಂದ್ರಾ" ಅನ್ನುತ್ತಾಳೆ, ಒಮ್ಮೊಮ್ಮೆ ಯಾರೋ ಆಟ ನೋಡಲು ಬಂದವರೆಂಬಂತೆ ತಲೆಬಾಗಿ ನಮಸ್ಕರಿಸುತ್ತಾಳೆ. ಎದುರಿನಿಂದ ನೋಡಿದರೆ ಅವಳ ಹುಬ್ಬು ಮಾತಿಗಿಂತ ಮುಂಚೆ ಏಳುತ್ತದೆ. ಇದು ಅವರಿಗೆ ಗೊತ್ತೇ ಇರಲಿಲ್ಲ.

ನಿನ್ನೆ ಅವಳು ಮತ್ತೆ ರಾಜನ ಮೀಸೆಯ ಕಥೆ ಹೇಳಿದಳು. ತುಂಬಿದ ಸಭೆ, ಸಿಂಹಾಸನ, ಕಳಚಿ ಬಿದ್ದ ಮೀಸೆ. "ಮೀಸೆ ಬಿತ್ತು, ಆಮೇಲೆ..." ಎಂದು ನಿಂತಳು. ಕಣ್ಣು ರಾಯರ ಕಡೆ ಬಂತು, ಕಿರುಬೆರಳು ಮಡಚಿಕೊಂಡಿತು. ಮಹಾಪ್ರಭು, ತಮ್ಮ ಪೌರುಷ ಕೆಳಗೆ ಬಿದ್ದಿತ್ತು. ಮಾತು ರಾಯರ ನಾಲಿಗೆಯ ತುದಿಯಲ್ಲಿತ್ತು. ಅವರ ಸ್ವಂತದ್ದೆಂದು ಈ ಲೋಕದಲ್ಲಿದ್ದ ಒಂದೇ ಮಾತು ಅದು, ಈಗ ಬಿಟ್ಟರೆ ಅದನ್ನು ಆಡುವವರು ಇನ್ಯಾರೂ ಇಲ್ಲ.

"ನಾಯಿ ಎತ್ಕೊಂಡು ಹೋಯ್ತು," ಅಂದಳು ಗುಂಗುರು ಕೂದಲಿನ ಮುದುಕಿ.

"ಹೌದು, ನಾಯಿ," ಅಂದಳು ರಾಣಿಯಮ್ಮ. "ಎಂಥ ನಾಯಿ ಅಂತೀರಿ, ಇಷ್ಟೆತ್ತರ." ಕೈಯೆತ್ತಿ ತೋರಿಸಿದಳು, ಐದು ಬೆರಳೂ ಅಗಲಿಸಿ. ಎಲ್ಲರೂ ನಕ್ಕರು. ಒಂದು ತಪ್ಪು ಅಕ್ಷರವನ್ನೂ ಜೀವಮಾನದಲ್ಲಿ ರಂಗದ ಮೇಲೆ ಬಿಡದ ರಾಯರು ಬಾಯಿ ಮುಚ್ಚಿಕೊಂಡು, ಆ ನಾಯಿ ಎತ್ತ ಓಡಿತೆಂದು ಅವಳು ಹೇಳುವುದನ್ನು ಕೇಳುತ್ತ ಕೂತರು.